ಹುಲಿಗೆಮ್ಮನ ಹಾಲು

ಹುಲಿಗೆಮ್ಮ ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ನಾನು ನರ್ಸಾಗಿ ತೆಕ್ಕಲಕೋಟೆಗೆ ಬಂದ ಹೊಸತರಲ್ಲಿ ಅವಳ ಕಿರಿಯ ಮಗಳಿಗೆ ಚುಚ್ಚುಮದ್ದು ಹಾಕುವಾಗ ನನ್ನ ಬೆರಳುಗಳನ್ನೇ ದಿಟ್ಟಿಸುತ್ತ ನಿಂತಿದ್ದಳು. "ಬಾಯಿ ಏನರ ಹೇಳತೈತ್ರಿ. ಕೈ ಸುಳ್ಳು ಹೇಳಂಗಿಲ್ಲ" ಅಂದಳು. ನನ್ನದು ಇನ್ನೂ ಕಲಿಯುತ್ತಿರುವ ಕೈ ಎಂದು ಅವಳಿಗೆ ತಿಳಿದುಹೋಗಿತ್ತು.

ಆಗ ಅವಳಿಗೆ ನಲವತ್ತರ ಆಸುಪಾಸು. ಗಂಡ ತೀರಿಕೊಂಡಿದ್ದ. ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ, ಇಲ್ಲದಾಗ ಎರಡು ಎಮ್ಮೆಗಳ ಚಾಕರಿ. ಕೂತು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಮೂರು ಹೆಣ್ಣುಮಕ್ಕಳಲ್ಲಿ ದೊಡ್ಡವಳು ಗಂಗಮ್ಮನನ್ನು ಕೊಳಗಲ್ಲಿಗೆ ಮದುವೆ ಮಾಡಿ ಕೊಟ್ಟಿದ್ದಳು. ಕಿರಿಯವಳು ಆರು ವರ್ಷದವಳಾಗಿ ಶಾಲೆಗೆ ಹೋಗುತ್ತಿದ್ದಾಗ ಗಂಗಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು.

ಹೆರಿಗೆ ನಮ್ಮ ಆಸ್ಪತ್ರೆಯಲ್ಲೇ ಸುಸೂತ್ರವಾಗಿ ಆಯಿತು. ಹೆಣ್ಣು ಕೂಸು. ಮೊದಲು ಬರುವ ಹಳದಿ ಹಾಲು ಕೊಳೆತದ್ದು, ಹಿಂಡಿ ಚೆಲ್ಲಬೇಕೆಂದು ನೋಡಲು ಬಂದ ಹೆಂಗಸರು ಪಟ್ಟು ಹಿಡಿದರು. ಅದರಲ್ಲಿ ರೋಗ ತಡೆಯುವ ಶಕ್ತಿಯಿದೆ, ಅದೇ ಕೂಸಿನ ಮೊದಲ ಲಸಿಕೆ ಎಂದು ನಾನು ಕಲಿತದ್ದನ್ನೆಲ್ಲ ಒಪ್ಪಿಸಿದೆ. ಯಾರೂ ಕಿವಿಗೊಡಲಿಲ್ಲ. ಬಾಗಿಲ ಬಳಿ ನಿಂತಿದ್ದ ಹುಲಿಗೆಮ್ಮ ಒಂದೇ ಮಾತು ಆಡಿದಳು.

"ಎಮ್ಮಿ ಈದ್ರ ಮೊದ್ಲ ಗಿಣ್ಣಾಲು ಕರಕ್ಕ ಬಿಡ್ತೀವಿ. ಬಿಡದಿದ್ರ ಕರ ಉಳಿಯಂಗಿಲ್ಲ. ನನ್ನ ಮೊಮ್ಮಗಳು ಕರಕ್ಕಿಂತ ಕಡಿಮೇನು?"

ಗಂಗಮ್ಮ ಕೂಸನ್ನು ಎದೆಗೆ ಹಾಕಿಕೊಂಡಳು.

ಐದನೆಯ ದಿನ ಗಂಗಮ್ಮನಿಗೆ ಉಸಿರು ಎಳೆಯಲಾಗಲಿಲ್ಲ. ಕಾಲು ಊದಿತ್ತು. ಬಳ್ಳಾರಿಗೆ ಸಾಗಿಸಿದೆವು. ಬಾಣಂತನದಲ್ಲಿ ಎಲ್ಲೋ ಒಬ್ಬರಿಗೆ ಹೃದಯವೇ ಸೋತುಬಿಡುತ್ತದೆ ಎಂದು ಅಲ್ಲಿನ ಡಾಕ್ಟರು ಹೇಳಿದರು. ಅವರು ಮಾಡಬಹುದಾದುದನ್ನೆಲ್ಲ ಮಾಡಿದರು. ಎರಡು ದಿನ ಇದ್ದು ಗಂಗಮ್ಮ ಹೋದಳು.

ಅಳಿಯನ ಮನೆಯಲ್ಲಿ ಎಳೆಗೂಸನ್ನು ಸಾಕುವವರಿರಲಿಲ್ಲ. ಕೂಸು ಹುಲಿಗೆಮ್ಮನ ಬಳಿಯೇ ಉಳಿಯಿತು. ಡಬ್ಬಿ ಪುಡಿಯ ಹಾಲು, ಯಾರೋ ತಂದುಕೊಟ್ಟ ಬಾಟಲಿ. ಮೂರನೆಯ ವಾರಕ್ಕೆ ಭೇದಿ ಹತ್ತಿತು. ನಾನು ಹೋದಾಗ ಕೂಸು ಹುಟ್ಟಿದಾಗಿನ ತೂಕಕ್ಕಿಂತ ಕಡಿಮೆಯಿತ್ತು, ತೊಡೆಯ ಚರ್ಮ ಮುದುಕಿಯದಂತೆ ನೆರಿಗೆಗಟ್ಟಿತ್ತು. ಕೂಡಲೇ ಆಸ್ಪತ್ರೆಗೆ ಸೇರಿಸಿದೆವು. ಭೇದಿ ನಿಂತಿತು. ಬಾಟಲಿ ಬಿಟ್ಟು, ತೊಳೆದು ಕುದಿಸಿದ, ಮೂತಿಯಿರುವ ಪುಟ್ಟ ಒಳಲೆಯಲ್ಲಿ ಹಾಲು ಹಾಕುವುದನ್ನು ಹೇಳಿಕೊಟ್ಟೆ. ನನ್ನ ಕೈಯನ್ನೇ ನೋಡುತ್ತಿದ್ದ ಹುಲಿಗೆಮ್ಮ ಮೆಲ್ಲಗೆ ಕೇಳಿದಳು.

"ನರ್ಸಮ್ಮ, ನನಗ ಹಾಲು ಬರಬಹುದೇನ್ರಿ?"

ದುಃಖದಲ್ಲಿ ಅವಳಿಗೆ ಬುದ್ಧಿ ಕೆಟ್ಟಿದೆ ಎಂದುಕೊಂಡೆ. ಅವಳು ಮುಂದುವರಿಸಿದಳು. "ಬತ್ತಿದ ಎಮ್ಮಿ ಸೈತ ಬ್ಯಾರೆ ಕರ ಬಾಯಿ ಹಾಕಿ ಗುದ್ದಿ ಗುದ್ದಿ ಚೀಪಿದ್ರ ತೊರಿ ಬಿಡತೈತಿ. ಕಣ್ಣಾರೆ ನೋಡೀನಿ. ನಾನೂ ಮೂರು ಹಡದಾಕಿ."

ಬಳ್ಳಾರಿಯ ಮಕ್ಕಳ ಡಾಕ್ಟರಮ್ಮನಿಗೆ ಹಿಂಜರಿಯುತ್ತಲೇ ಫೋನ್ ಮಾಡಿದೆ. ಅವರು ನಗಲಿಲ್ಲ. ಕರೆದುಕೊಂಡು ಬಾ ಅಂದರು. ಹುಲಿಗೆಮ್ಮನ ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಿದೆ ಎಂದಮೇಲೆ ಹತ್ತಿರ ಕೂರಿಸಿಕೊಂಡು ಹೇಳಿದರು: ಕೂಸು ಚೀಪಿದರೆ ಮೆದುಳಿಗೆ ಸುದ್ದಿ ಹೋಗುತ್ತದೆ, ಹಾಲಿನ ಅಪ್ಪಣೆ ಅಲ್ಲಿಂದ ಬರುತ್ತದೆ. ಎದೆ ಬರಿದಾದಷ್ಟೂ ತುಂಬುತ್ತದೆ. ಹೀಗೆ ಎಲ್ಲರಿಗೂ ಬರುವುದಿಲ್ಲ, ಬಂದರೂ ಸಾಲದಿರಬಹುದು. ಒಂದು ಸಪೂರ ಕೊಳವೆಯ ತುದಿಯನ್ನು ಬಟ್ಟಲಿನ ಹಾಲಿನಲ್ಲಿಟ್ಟು, ಇನ್ನೊಂದು ತುದಿಯನ್ನು ಮೊಲೆತೊಟ್ಟಿನ ಪಕ್ಕ ಅಂಟಿಸಿದರು. ಕೂಸು ಚೀಪಿತು. ಹೊಟ್ಟೆಗೆ ಬಟ್ಟಲಿನ ಹಾಲು ಸಿಕ್ಕಿತು, ಬರಿದಾದ ಎದೆಗೆ ಕೂಸಿನ ಬಾಯಿ ಸಿಕ್ಕಿತು. ನನ್ನನ್ನು ಮಾತ್ರ ಅವರು ಬೇರೆ ಕರೆದು, ತೂಕ ನೋಡುವುದನ್ನು ಒಂದು ದಿನವೂ ತಪ್ಪಿಸಬೇಡ ಎಂದರು.

ಎಂದೂ ಕೂರದ ಹುಲಿಗೆಮ್ಮ ಕೂತಳು. ದಿನಕ್ಕೆ ಹತ್ತು ಸಲ, ಹನ್ನೆರಡು ಸಲ. ಎಮ್ಮೆಗಳನ್ನು ನಡುವಿನ ಮಗಳಿಗೆ ಒಪ್ಪಿಸಿದಳು. ನಾಟಿಗೆ ಹೋಗಲಿಲ್ಲ. ಗಂಡ ಸತ್ತವಳು, ಮೊಮ್ಮಗಳನ್ನು ಎದೆಗಿಟ್ಟುಕೊಂಡು ಕೂತಿದ್ದಾಳೆ ಎಂದು ಓಣಿಯವರು ಆಡಿಕೊಂಡರು. ಸಿರುಗುಪ್ಪದಿಂದ ಅವಳ ಅಣ್ಣ ಬಂದು, ಮರ್ಯಾದೆ ಹೋಗುತ್ತಿದೆ, ಇದನ್ನು ನಿಲ್ಲಿಸು ಎಂದು ಬಾಗಿಲಲ್ಲೇ ನಿಂತು ಹೇಳಿದ. ಅಂದು ನಾನು ಅಲ್ಲೇ ಕೂಸನ್ನು ತೂಗುತ್ತಿದ್ದೆ.

"ನಗೋರು ನಗಲಿ ಬಿಡಣ್ಣ" ಅಂದಳು. "ಕೂಸು ಉಳದ್ರ ಅವ್ರ ನಗಿ ನನಗ ಭಾರ ಆಗಂಗಿಲ್ಲ."

ಅಣ್ಣ ನೀರೂ ಕುಡಿಯದೆ ಹೊರಟುಹೋದ.

ಹದಿಮೂರನೆಯ ದಿನ ಮಧ್ಯಾಹ್ನ ಹುಲಿಗೆಮ್ಮನ ಫೋನ್ ಬಂತು. ಬಂದು ನೋಡಿ ಹೋಗ್ರಿ ಎಂದಷ್ಟೇ ಹೇಳಿದಳು. ಹೋದೆ. ನಾನು ಹೇಳಿಕೊಟ್ಟಂತೆಯೇ ಹೆಬ್ಬೆರಳು ತೋರುಬೆರಳಿನಿಂದ ಮೆತ್ತಗೆ ಒತ್ತಿದಳು. ಏನೂ ಇಲ್ಲ. ಮತ್ತೆ ಒತ್ತಿದಳು. ಸಾಸಿವೆಯಷ್ಟು ಬಿಳುಪು ಕಂಡಿತು. ಅದು ಜೋಳದ ಕಾಳಿನಷ್ಟಾಗಿ, ನಿಂತು, ಉರುಳಿ ಅವಳ ಕೈಮೇಲೆ ಬಿತ್ತು.

ಎಷ್ಟೋ ಹೆರಿಗೆ ಮಾಡಿಸಿದ ನಾನು ಹಾಲೆಂದರೆ ಏನೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ವರ್ಷಗಟ್ಟಲೆ ಸುಮ್ಮನಿದ್ದ ಮೈ, ಒಂದು ಹಸಿದ ಬಾಯಿ ಕರೆದದ್ದಕ್ಕೆ ಓಗೊಟ್ಟಿತ್ತು. ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಹುಲಿಗೆಮ್ಮ ಅಳುತ್ತಿದ್ದಳು.

"ಗಂಗಿ ಹೋದಾಗ ಅಳು ಬರಲಿಲ್ರಿ ನನಗ" ಅಂದಳು. "ಒಳಗೆಲ್ಲ ಒಣಗಿ ಹೋಗಿತ್ತು."

ಆಮೇಲೆ ಹನಿ ಚಮಚೆಯಾಯಿತು, ಚಮಚೆ ಬಟ್ಟಲಾಯಿತು. ತೂಕ ಏರಿದಂತೆಲ್ಲ ಡಾಕ್ಟರಮ್ಮ ಹೇಳಿದಷ್ಟೇ ಹೊರಗಿನ ಹಾಲು ತಗ್ಗಿಸಿದೆವು. ಕೂಸು ದಿನಕ್ಕೆ ಆರೇಳು ಬಟ್ಟೆ ಒದ್ದೆ ಮಾಡಿದರೆ ಹಾಲು ಸಾಲುತ್ತಿದೆ ಎಂದರ್ಥ. ಹುಲಿಗೆಮ್ಮ ದಾರದ ಮೇಲೆ ಒಣಗಿದ ಬಟ್ಟೆಗಳನ್ನು ತೋರಿಸಿ ವರದಿ ಕೊಡುತ್ತಿದ್ದಳು. ಎರಡು ತಿಂಗಳಿಗೆ ಕೊಳವೆ ಬೇಡವಾಯಿತು. ಬೇಸಿಗೆಯ ಉರಿಯಲ್ಲಿ ಒಂದು ಹನಿ ನೀರಾದರೂ ಹಾಕು ಎಂದವರಿಗೆ, ಹಾಲಿನಾಗ ನೀರು ಐತಿ ಎಂದು ಹೇಳಿ ಕೂಸಿನ ಆರು ತಿಂಗಳವರೆಗೆ ಬೇರೇನನ್ನೂ ಮುಟ್ಟಿಸಲಿಲ್ಲ. ಭೇದಿ ಮತ್ತೆ ಆ ಕಡೆ ಸುಳಿಯಲಿಲ್ಲ. ಆರು ತುಂಬಿದ ಮೇಲೆ ನುಣ್ಣನೆಯ ಅನ್ನ, ಬೇಳೆ ಶುರುಮಾಡಿ ಹಾಲನ್ನೂ ಮುಂದುವರಿಸಿದಳು. ಹಾಲು ಇಳಿಯದ ಬಾಣಂತಿಯರಿದ್ದರೆ ನಾನು ಅವಳನ್ನೇ ಕರೆಸತೊಡಗಿದೆ. ಅವಳು ಪಕ್ಕ ಕೂತು ಕೂಸಿನ ಬಾಯಿ ಅಗಲಕ್ಕೆ ತೆರೆಯುವವರೆಗೆ ಕಾದು, ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪೂ ಬಾಯೊಳಗೆ ಹೋಗುವಂತೆ ಸರಿಪಡಿಸುತ್ತಿದ್ದಳು.

ನನಗೆ ಕುರುಗೋಡಿಗೆ ವರ್ಗವಾದ ವಾರ, ಒಂದೂವರೆ ವರ್ಷದ ಕೂಸಿಗೆ ಲಸಿಕೆ ಹಾಕಿಸಲು ಅವಳು ಬಂದಳು. ಹಳೆಯ ಕಾರ್ಡು ಮಳೆಗೆ ತೊಯ್ದು ಹರಿದಿತ್ತು. ಹೊಸತು ಬರೆದೆ. ತಾಯಿಯ ಹೆಸರು ಎಂಬ ಕಡೆ, ಯೋಚಿಸಿಯೇ, 'ಹುಲಿಗೆಮ್ಮ' ಎಂದು ಬರೆದೆ. ಆ ಹೆಂಗಸಿಗೆ ನನ್ನಿಂದ ಸಲ್ಲಿಸಲಾಗುವ ಗೌರವ ಅಷ್ಟೇ ಎನಿಸಿತ್ತು. ಅವಳಿಗೆ ಓದಲು ಬಾರದು. ಏನು ಬರೆದಿರಿ, ಓದಿ ಎಂದಳು. ಓದಿದೆ.

"ತಪ್ಪಾತ್ರಿ" ಅಂದಳು. "ಹಾಲು ನಂದು, ಖರೆ. ಅವ್ವ ಗಂಗಿ. ಅಕಿ ಹೆಸರು ಬರೀರಿ."

ಹೊಡೆದುಹಾಕಿ ಗಂಗಮ್ಮ ಎಂದು ಬರೆದೆ. ಇನ್ನೊಮ್ಮೆ ಓದಿಸಿಕೊಂಡಳು. ಸೂಜಿಯ ನೋವಿಗೆ ಅತ್ತ ಕೂಸನ್ನು ಎತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಳು.

ನಾನು ಅವಳನ್ನು ಕಂಡದ್ದು ಅದೇ ಕೊನೆ. ಕೂಸು 'ಅಜ್ಜಿ, ಅಜ್ಜಿ' ಎಂದು ಬಿಕ್ಕುತ್ತ ಅವಳ ಸೆರಗಿನೊಳಗೆ ಹೊಕ್ಕಿತು, ಹಾಲು ಸಿಕ್ಕಿದೊಡನೆ ಸುಮ್ಮನಾಯಿತು.