ಬಂದೂಕಿನ ಮೂತಿಗೊಂದು ಬ್ರೇಕು

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗವಿಲ್ಲ ಅನ್ನುತ್ತಾರಲ್ಲ, ಆ ಗಾದೆ ಹುಟ್ಟಿದ್ದೇ ನಮ್ಮ ಪ್ರವೀಣನನ್ನು ನೋಡಿ ಇರಬೇಕು. ಮೈಸೂರಿನವನು, ಮೆಕ್ಯಾನಿಕಲ್ ಇಂಜಿನಿಯರು, ನಲವತ್ತರ ಹತ್ತಿರದ ಗಂಡಸು; ‘ಇಲ್ಲ’ ಎಂಬ ಎರಡಕ್ಷರ ಮಾತ್ರ ಅವನ ಬಾಯಿಂದ ಹೊರಡದು. ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿದ್ದಾಗ ಪಕ್ಕದ ಮನೆಯ ನಾಗವೇಣಿ ಆಂಟಿಯ ಬಿಸಿಬೇಳೆಬಾತನ್ನು ಒಂದು ಸಲ ‘ಚೆನ್ನಾಗಿದೆ’ ಅಂದುಬಿಟ್ಟ. ಆ ಊರು ಬಿಡುವವರೆಗೂ ಪ್ರತಿ ಭಾನುವಾರ ಡಬ್ಬಿ ಬಂತು. ಉಪ್ಪಿಲ್ಲದ ಆ ಬಾತನ್ನು ಕಣ್ಣುಮುಚ್ಚಿ ನುಂಗಿದ. ಮದುವೆಗೆ ಮುಂಚೆ ಅಡಿಲೇಡಿನ ಮಾಡ್ಬರಿಯಲ್ಲಿ ಗೆಳೆಯ ಕಾರ್ತಿಕನಿಗೆ ‘ಮನೆ ಸಿಗೋವರೆಗೂ ಇಲ್ಲೇ ಇರೋ’ ಅಂದ. ಇಡೀ ಚಳಿಗಾಲ ಕಾರ್ತಿಕ ಮಂಚದ ಮೇಲೆ, ಇವನು ಸೋಫಾದ ಮೇಲೆ.

ಅದೆಲ್ಲ ಹೊಟ್ಟೆ ಬೆನ್ನುಗಳ ಪಾಡು. ಪರ್ತ್‌ಗೆ ಬಂದ ಮೇಲೆ ಪೆಟ್ಟು ಬಿದ್ದದ್ದು ಕಿವಿಗೆ.

ಪರ್ತ್‌ನ ಗಣಿ ಕಂಪನಿಯಲ್ಲಿ ಅವನಿಗೆ ಕೆಲಸ ಕೊಡಿಸಿದವರು ರಮಾಕಾಂತ್ ಅಂಕಲ್. ಈಗ ಅವನ ಮ್ಯಾನೇಜರೂ ಅವರೇ, ಪರ್ಮನೆಂಟ್ ವೀಸಾಕ್ಕೆ ಶಿಫಾರಸು ಮಾಡಬೇಕಾದವರೂ ಅವರೇ. ಅಂಕಲ್‌ಗೆ ಶೂಟಿಂಗ್ ಕ್ಲಬ್ಬಿನ ಹುಚ್ಚು. ಪಿಸ್ತೂಲಿನ ಗುಂಡನ್ನೇ ಹಾಕಿ, ಲಿವರ್ ಎಳೆದು ಹೊಡೆಯುವ ಗಿಡ್ಡ ಬಂದೂಕೊಂದು ಅವರಲ್ಲಿತ್ತು, ಕಾರ್ಬೈನ್ ಅನ್ನುತ್ತಾರೆ. ಶನಿವಾರ ಬಂತೆಂದರೆ ‘ಬಾರಪ್ಪ ಪ್ರವೀಣ’ ಅಂತ ಫೋನು. ಅವರು ಹೊಡೆಯುವುದು, ಇವನು ಬಲಗಡೆ ನಿಂತು ಗುರಿಗೆ ಬಿತ್ತೋ ಇಲ್ಲವೋ ಎಂದು ದುರ್ಬೀನಿನಲ್ಲಿ ನೋಡಿ ಹೇಳುವುದು.

ಕಿವಿಗೆ ಸದ್ದು ತಡೆಯುವ ಇಯರ್‌ಮಫ್ ಇರುತ್ತಿತ್ತು, ಇಲ್ಲವೆಂದಲ್ಲ. ಆದರೆ ಅಂಕಲ್ ಗುಂಡಿಗೂ ಗುಂಡಿಗೂ ನಡುವೆ ಮಾತಾಡುವವರು. ಹಿರಿಯರು ಮಾತಾಡುವಾಗ ಕಿವಿ ಮುಚ್ಚಿಕೊಂಡು ನಿಲ್ಲುವುದುಂಟೇ? ಇವನು ಎಡಗಡೆಯ ಮಫ್ ಎತ್ತಿ ‘ಏನಂದ್ರಿ ಅಂಕಲ್?’ ಅನ್ನುವಷ್ಟರಲ್ಲಿ ಢಂ! ಥೂ, ಇಂಥ ಮರ್ಯಾದೆಗಿಷ್ಟು ಬೆಂಕಿ ಹಾಕ! ಎಡಗಿವಿಯಲ್ಲಿ ಈಗ ಹಗಲಿರುಳೂ ಜೀರುಂಡೆ ಕೂಗು. ಮುಂದಿನ ತಿಂಗಳು ಗಣಿಯವರ ಕಿವಿ ಪರೀಕ್ಷೆ ಬೇರೆ. ಫೇಲಾದರೆ ಸೈಟಿಗೆ ಬಿಡುವುದಿಲ್ಲ. ಸೈಟಿಲ್ಲದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. ಶನಿವಾರ ಬರುವುದಿಲ್ಲ ಎಂದರೆ ಅಂಕಲ್ ಮುನಿದಾರು, ಆಗಲೂ ವೀಸಾ ಇಲ್ಲ.

ಒಂದು ದಿನ ಅಂಕಲ್ ಪಿಯಾರಾ ವಾಟರ್ಸ್‌ನ ತಮ್ಮ ಮನೆಗೆ ಪ್ರವೀಣನನ್ನೂ ಅವನ ಹೆಂಡತಿಯನ್ನೂ ಊಟಕ್ಕೆ ಕರೆದರು. ಪಾಯಸ ಮುಗಿಯುತ್ತಲೇ ಮೇಜಿನ ಮೇಲೆ ಮೂರು ಲೋಹದ ತುಂಡುಗಳನ್ನಿಟ್ಟರು.

“ಬಂದೂಕಿನ ಮೂತಿಗೆ ಹಾಕೋದು ಕಣಪ್ಪ. ಒದೆತಕ್ಕೆ ಭುಜ ನೋಯುತ್ತೆ. ನೀನು ಮೆಕ್ಯಾನಿಕಲ್, ಯಾವ್ದು ಅಂತ ನೀನೇ ಹೇಳ್ಬಿಡು.”

ಒಂದು, ಮೂತಿಯ ತಿರುಪು ಸವೆಯದಂತೆ ಸುತ್ತ ಹಾಕುವ ಬರೀ ಮುಚ್ಚಳ. ಇನ್ನೊಂದು ಸದ್ದನ್ನು ಮುಂದಕ್ಕೆ ದೂಡುವ ಕೊಳವೆ. ಮೂರನೆಯದು ಬ್ರೇಕು, ಅದರ ಮೈಯಲ್ಲಿ ಸೀಳುಗಳು, ಮದ್ದಿನ ಗಾಳಿಯನ್ನು ಎಡಕ್ಕೂ ಬಲಕ್ಕೂ ಉಗುಳಿ ಒದೆತ ತಗ್ಗಿಸುವಂಥದ್ದು. ಪ್ರವೀಣನಿಗೆ ನೋಡಿದೊಡನೆ ಉತ್ತರ ಹೊಳೆಯಿತು. ಪಿಸ್ತೂಲಿನ ಗುಂಡಿನಲ್ಲಿ ಮದ್ದೇ ಒಂದು ಚೂರು. ಬ್ರೇಕು ಹಾಕಿದರೆ ಭುಜಕ್ಕೆ ಲಾಭ ಅಷ್ಟಕ್ಕಷ್ಟೆ, ಪಕ್ಕದವನ ಕಿವಿಗೆ ಮಾತ್ರ ಸಿಡಿಲು ಗ್ಯಾರಂಟಿ. ‘ಕೊಳವೆ ಸಾಕು ಅಂಕಲ್, ಭುಜಕ್ಕೆ ತಾಗೋ ಕಡೆ ಒಂದು ರಬ್ಬರ್ ಮೆತ್ತೆ ಹಾಕ್ಸಿ’ ಅಂದಿದ್ದರೆ ಮುಗಿಯುತ್ತಿತ್ತು.

ಆದರೆ ಅಂಕಲ್‌ನ ಹೆಬ್ಬೆರಳು ಆಗಲೇ ಬ್ರೇಕನ್ನು ಸವರುತ್ತಿತ್ತು. “ಇದಕ್ಕೊಂದು ಗತ್ತಿದೆ, ಅಲ್ವೇನೋ?”

“ಹೌದು ಅಂಕಲ್, ಇದೇ ಬೆಸ್ಟು,” ಅಂದ ಪ್ರವೀಣ. ಅಂದ ಮೇಲೆ ತನ್ನ ನಾಲಿಗೆಗೇ ಬರೆ ಹಾಕಿಕೊಳ್ಳಬೇಕು ಅನ್ನಿಸಿತು.

ಎಡಗಡೆ ಕೂತಿದ್ದ ಹೆಂಡತಿ ನಮಿತಾ ಬಗ್ಗಿ ಅವನ ಕಿವಿಯಲ್ಲೇನೋ ಪಿಸುಗುಟ್ಟಿದಳು. ಜೀರುಂಡೆಯ ಗಲಾಟೆಯಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಅಭ್ಯಾಸಬಲ ನೋಡಿ, ‘ಹ್ಞೂಂ’ ಎಂದು ತಲೆಯಾಡಿಸಿಬಿಟ್ಟ.

“ಅಂಕಲ್, ಹೇಳ್ಲಾ ಅಂತ ಕೇಳ್ದೆ, ಇವ್ರು ಹ್ಞೂಂ ಅಂದ್ರು, ಅದಕ್ಕೇ ಹೇಳ್ತಿದೀನಿ,” ನಮಿತಾ ಶುರುಮಾಡಿಯೇಬಿಟ್ಟಳು. “ನಿಮ್ ಪಕ್ಕ ನಿಂತೂ ನಿಂತೂ ಇವ್ರ ಎಡಗಿವಿ ಹೋಗಿದೆ. ಇನ್ನು ಆ ಬ್ರೇಕು ಬೇರೆ ಬಂದ್ರೆ ದೇವರೇ ಗತಿ!”

ವೀಸಾ ಹೋಯಿತು ಅಂದುಕೊಂಡ ಪ್ರವೀಣ. ಅದರ ಹಿಂದೆಯೇ, ಅಬ್ಬಾ, ಎಂಥ ಹಗುರ! ಅವನು ವರ್ಷದಿಂದ ಹೇಳಲಾರದ್ದನ್ನು ಅವಳು ಹೇಳಿ ಮುಗಿಸಿದ್ದಳು. ಅಂಕಲ್ ಬ್ರೇಕನ್ನು ಕೆಳಗಿಟ್ಟರು. ಅವರ ಮುಖ ಬಾಡಿತ್ತು, ನಿಜವಾಗಿಯೂ ನೊಂದುಕೊಂಡಿದ್ದರು.

“ಅಯ್ಯೋ ಪೆದ್ದೇ, ಬಾಯ್ಬಿಟ್ಟು ಹೇಳೋದಲ್ವೇನೋ?” ಎದ್ದು ಬಂದು ಇವನ ಬೆನ್ನು ಸವರಿದರು. “ಏನೂ ಯೋಚನೆ ಮಾಡ್ಬೇಡ. ಈ ಶನಿವಾರದಿಂದ ನನ್ನ ಎಡಗಡೆ ನಿಂತ್ಕೊ. ಆಗ ನನ್ ಕಡೆ ಇರೋದು ನಿನ್ ಬಲಗಿವಿ. ಅದು ಚೆನ್ನಾಗಿದೆ ತಾನೇ?”

ನಮಿತಾ ಮೇಜಿನ ಕೆಳಗೆ ಅವನ ಕಾಲನ್ನು ಬಲವಾಗಿ ತುಳಿದಳು. ಈ ಸಲ ಪ್ರವೀಣನಿಗೆ ಆ ತುಳಿತದ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಇಲ್ಲ ಎನ್ನಲು ಬಾಯಿ ತೆರೆದ.

“ಚೆನ್ನಾಗಿದೆ ಅಂಕಲ್,” ಅಂದ.