ತಮ್ಮನ ಪಾಲಾದ ಬಂದರು

ತಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ನಮ್ಮ ರೂಮಿನವರು ಆಡಿಕೊಳ್ಳುತ್ತಾರೆ. ಹೌದು, ಹೊಟ್ಟೆಕಿಚ್ಚೇ. ಮುಚ್ಚಿಟ್ಟು ನನಗೇನಾಗಬೇಕು? ಚಿಕ್ಕಮ್ಮನ ಮಗನಿಗೆ ವೀಸಾ ಮಾಡಿಸಿ, ಗಂಗೊಳ್ಳಿಯಿಂದ ಜಿದ್ದಾದ ಹಳೇ ಪೇಟೆಗೆ ಕರೆತಂದು, ಬಟ್ಟೆ ಅಳೆಯುವುದರಿಂದ ಹಿಡಿದು ಚೌಕಾಸಿಯ ತನಕ ಕಲಿಸಿದವನು ನಾನು. ನಮ್ಮ ಕಫೀಲನಿಗೆ, ಅಂದರೆ ವೀಸಾ ಕೊಟ್ಟ ಅರಬ್ಬಿ ಧಣಿಗೆ, ಅಕ್ಕಪಕ್ಕ ಎರಡು ಅಂಗಡಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಅವನು. ಎರಡರಲ್ಲೂ ಅದದೇ ಮಾಲು: ತಲೆವಸ್ತ್ರ, ನಮಾಜಿನ ಚಾಪೆ, ಮೀಟರ್ ಲೆಕ್ಕದ ಬಟ್ಟೆ. ಮೆಕ್ಕಾದಲ್ಲಿ ಉಮ್ರಾ ಯಾತ್ರೆ ಮುಗಿಸಿ ಊರಿಗೆ ಹೊರಡುವವರು ನಮ್ಮ ಗಿರಾಕಿಗಳು.

ಆ ಹೆಂಗಸು ಮೊದಲು ಬಂದದ್ದು ನನ್ನ ಅಂಗಡಿಗೆ. ಇದನ್ನು ಯಾರು ಕೇಳಿದರೂ ಹೇಳುತ್ತೇನೆ, ಮೊದಲು ನನ್ನ ಅಂಗಡಿಗೆ! ಎತ್ತರದ ಆಳು, ಹಳದಿ ಮುಂಡಾಸು, ಆಫ್ರಿಕಾದ ಪಶ್ಚಿಮದ ಗ್ಯಾಂಬಿಯಾದವಳು. ಬಟ್ಟೆಯನ್ನು ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದು, ಹರುಕುಮುರುಕು ಅರಬ್ಬಿಯಲ್ಲಿ ಬೆಲೆ ಕೇಳಿದಳು. ಚೌಕಾಸಿ ಮುಗಿಯುವಷ್ಟರಲ್ಲಿ ನಮಾಜಿನ ಬಾಂಗ್ ಆಯಿತು. ನಾನು ಶಟರ್ ಎಳೆದು, "ಆಮೇಲೆ ಬಾ" ಎಂದೆ. ಎಲ್ಲ ಅಂಗಡಿಯವರೂ ಮಾಡುವುದು ಅದನ್ನೇ.

ನಮಾಜಿನ ಹೊತ್ತು ಕಳೆದು ಶಟರ್ ಎತ್ತುತ್ತೇನೆ, ಆಕೆ ಪಕ್ಕದ ಅಂಗಡಿಯ ನೆಲದ ಮೇಲೆ ಕೂತಿದ್ದಾಳೆ. ನಮ್ಮವನ ಬುತ್ತಿ ತೆರೆದಿದೆ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ಒಂದೇ ಡಬ್ಬಿಗೆ ಇಬ್ಬರ ಕೈ! ಆಕೆ ಹೋದ ಮೇಲೆ ಬೈದೆ. "ಎಂತ ಮಾರಾಯ, ಎಂಜಲಲ್ದಾ?"

"ಹಸ್ದದ್ ಮುಖ ಕಂಡ್ರೆ ಗೊತ್ತಾತಿಲ್ಯಾ ಅಣ್ಣ? ಡಬ್ಬಿ ಮುಂದಿಟ್ಟೆ, ಅವ್ಳ್ ಕೈ ಹಾಕ್ತ್ಳ್. ನಾ ಕೈ ತೆಗೂದ್ ಹ್ಯಾಂಗೆ?" ಎಂದು ಹಲ್ಲು ಕಿರಿದ.

ನನ್ನಲ್ಲಿ ಚೌಕಾಸಿ ಮಾಡಿದ್ದಂಥ ಬಟ್ಟೆಯನ್ನೇ ಆಕೆ ಅವನಲ್ಲಿ ಕೊಂಡಿದ್ದಳು. ಮುಂದಿನ ವರ್ಷ ಮತ್ತಷ್ಟು ಹೆಂಗಸರನ್ನು ಕಟ್ಟಿಕೊಂಡು ಬಂದಳು. ನನ್ನ ಬಾಗಿಲು ದಾಟಿ ಸೀದಾ ಅವನಲ್ಲಿಗೆ. ಅವನು ಬೆಲೆ ಇಳಿಸಿರಬೇಕೆಂದುಕೊಂಡು ನಾನು ಇನ್ನೂ ಇಳಿಸಿ ಕೂಗಿ ಹೇಳಿದೆ. ಆಕೆ ನಕ್ಕು, "ನನ್ನ ಮನೆಯೊಡೆಯ ಅಲ್ಲಿದ್ದಾನೆ" ಎಂದಳು. ಮನೆಯೊಡೆಯನಂತೆ! ನಿನ್ನೆ ಮೊನ್ನೆ ಬಂದವನು!

ಅದೇನೆಂದು ಕೇಳಿದಾಗ ತನ್ನ ಊರಿನ ಕಥೆ ಹೇಳಿದಳು. ಆ ಊರಿನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಸಮುದ್ರದಿಂದ ಬಹಳ ಒಳಗೆ, ನದಿಯ ದಂಡೆಯ ಒಂದು ಸಣ್ಣ ಬಂದರು. ಬೆಳೆ ಕೊಯ್ದ ಮೇಲೆ ಹಳ್ಳಿಗಳಿಂದ ನೆಲಗಡಲೆ ಕತ್ತೆಗಾಡಿಗಳಲ್ಲಿ ಬಂದು ದೋಣಿ ಕಟ್ಟುವ ಧಕ್ಕೆಯ ಮೇಲೆ ರಾಶಿ ಬೀಳುತ್ತದೆ, ದೋಣಿಗಳಲ್ಲಿ ಕೆಳಗೆ ಸಮುದ್ರದ ಕಡೆ ಹೋಗುತ್ತದೆ. ಕೆಳಗಿನಿಂದ ಅಕ್ಕಿ, ಸಕ್ಕರೆ, ಬಟ್ಟೆ ಬರುತ್ತವೆ. ಸಂತೆಯ ದಿನ ಗಡಿಯಾಚೆಯ ಸೆನೆಗಲ್ಲಿನವರೂ ಗಿನಿಯವರೂ ತಾಳೆಎಣ್ಣೆ, ನಮ್ಮ ಅಡಿಕೆಯಂತೆ ಅಗಿಯುವ ಕೋಲಾ ಬೀಜ ಹೊತ್ತು ಬರುತ್ತಾರೆ. ಲಾರಿಗಳು ಬಂದ ಮೇಲೂ ಸುತ್ತಿನ ಹಳ್ಳಿಗಳಿಗೆ ಆ ಬಂದರೇ ಗತಿಯಂತೆ. ಅಲ್ಲಿ ಬಟ್ಟೆ ಇಳಿಯದಿದ್ದರೆ ಮದುವೆ ಮುಂದೆ ಹೋಗುತ್ತದೆ ಎಂದಳು. ನಮ್ಮ ಕೈಯಿಂದ ಹೋದ ತಲೆವಸ್ತ್ರವೂ ಅಲ್ಲೇ ಇಳಿಯುತ್ತದೆ.

ಪರಸ್ಥಳದ ವ್ಯಾಪಾರಿ ಅಲ್ಲಿ ಒಬ್ಬ ಮನೆಯೊಡೆಯನನ್ನು ಹಿಡಿಯುತ್ತಾನೆ. ಅವನು ಮಲಗಲು ಜಾಗ ಕೊಡುತ್ತಾನೆ, ಮಾಲು ಇಡಲು ಕೋಣೆ ಕೊಡುತ್ತಾನೆ, ಊಟ ಹಾಕುತ್ತಾನೆ, ಗಿರಾಕಿ ಹುಡುಕಿ ಜಾಮೀನು ನಿಲ್ಲುತ್ತಾನೆ. ಆಮೇಲೆ ಆ ವ್ಯಾಪಾರಿ ಇನ್ನೊಬ್ಬನ ಬಾಗಿಲು ತುಳಿಯುವಂತಿಲ್ಲ. ಕೋಲಾ ಬೀಜದ ಹೆಂಗಸರಿಗೆ ಅಲ್ಲಿ ಈಕೆಯೇ ಮನೆಯೊಡತಿ.

ಕೇಳುತ್ತಾ ಕೇಳುತ್ತಾ ಆ ಬಂದರಿನ ಮೇಲೂ ನನಗೆ ಕಿಚ್ಚು ಹತ್ತಿತು. ನಮ್ಮ ಗಂಗೊಳ್ಳಿಗೇನು ಕಡಿಮೆ? ಐದು ನದಿ ಬಂದು ಸೇರುತ್ತವೆ. ಹಂಚು ತುಂಬಿದ ಮಂಜಿ ಹಡಗುಗಳು ಸಾಲುಗಟ್ಟಿ ಹೊರಡುತ್ತಿದ್ದವೆಂದು ಅಜ್ಜಿ ಹೇಳುತ್ತಿದ್ದಳು. ಈಗ ಮೀನಿನ ಬೋಟು ಬಿಟ್ಟರೆ ಏನಿದೆ ಅಲ್ಲಿ? ಅಂಗಡಿ ಹಾಕಿ ಕೂರಲು ಅಂಥ ಬಂದರಿದ್ದಿದ್ದರೆ ನಾನು ಈ ಸೆಕೆಯಲ್ಲಿ ಚಾಪೆ ಮಡಚುತ್ತಿದ್ದೆನೇ?

ಅದೇ ವರ್ಷ ಕಫೀಲ್ ಬಂದು ಬಾಡಿಗೆ ತಡೆಯಲಾಗುತ್ತಿಲ್ಲ, ಮುಂದಿನ ರಂಜಾನ್ ಕಳೆದ ಮೇಲೆ ಒಂದು ಅಂಗಡಿ ಮುಚ್ಚುತ್ತೇನೆ ಎಂದ. ಯಾವುದೆಂದು ಹೇಳಲಿಲ್ಲ, ವ್ಯಾಪಾರ ನೋಡಿ ಹೇಳುತ್ತೇನೆ ಎಂದ. ಮುಚ್ಚಿದ ಅಂಗಡಿಯವನ ಇಕಾಮಾ, ಈ ದೇಶದಲ್ಲಿರುವ ಪರವಾನಗಿ, ಯಾರು ನವೀಕರಿಸುತ್ತಾರೆ? ಮನೆಯಲ್ಲಿ ಮಗಳ ಕಾಲೇಜು ಅರ್ಧದಲ್ಲಿತ್ತು. ಆ ಹೆಂಗಸರ ಗುಂಪು ಯಾವ ಅಂಗಡಿಗೆ ಹೋಗುತ್ತದೋ ಆ ಅಂಗಡಿ ಉಳಿಯುತ್ತದೆ. ಇಷ್ಟು ನನಗೆ ಹಗಲಿನಷ್ಟು ಸ್ಪಷ್ಟವಿತ್ತು.

ಊಟ ಹಾಕಿದವನು ತಾನೇ ಮನೆಯೊಡೆಯ? ಸರಿ, ಹಾಕುತ್ತೇನೆ. ಬಂಗಡೆ ಸಾರೆಲ್ಲ ಅಲ್ಲ, ಇಡೀ ತಟ್ಟೆ ಮಂದಿ, ಅರಬ್ಬರ ಕುರಿಮಾಂಸದ ಅನ್ನ! ರಂಜಾನಿನ ಹಿಂದಿನ ತಿಂಗಳು, ಶಾಬಾನಿನಲ್ಲಿ, ಅವರು ಮತ್ತೆ ಬಂದ ದಿನ ನನ್ನ ತಮ್ಮ ಜಿದ್ದಾ ಬಂದರಿನಿಂದ ಮಾಲು ಬಿಡಿಸಿಕೊಳ್ಳಲು ಹೋಗಿದ್ದ. ಒಳ್ಳೆಯ ಗಳಿಗೆ ಎಂದು ಎಲ್ಲರನ್ನೂ ಒಳಗೆ ಕರೆದು ಹೊಸ ಚಾಪೆ ಹಾಸಿದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕಾಗದದ ತಟ್ಟೆ ಇಟ್ಟೆ. ನಮ್ಮ ಕಡೆಯ ಮದುವೆಯಲ್ಲಿ ಬಡಿಸುವಂತೆ ಬಗ್ಗಿ ಬಗ್ಗಿ ಬಡಿಸಿದೆ, ಮಾಂಸದ ದೊಡ್ಡ ತುಂಡುಗಳನ್ನು ಆಕೆಯ ತಟ್ಟೆಗೇ ಹಾಕಿದೆ.

"ನೀನು?" ಎಂದಳು.

"ನೀವು ಉಣ್ಣಿ. ನಾನು ಕಡೆಗೆ."

"ಬಾ, ಕೈ ಹಾಕು," ಎಂದು ತನ್ನ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

ಅಯ್ಯೋ, ನೆಂಟರ ತಟ್ಟೆಗೆ ಕೈ ಹಾಕುವುದುಂಟೇ? ಮನೆಯವರು ಕಡೆಗೆ ಉಣ್ಣುವುದಲ್ಲವೇ ಮರ್ಯಾದೆ? ನಾನು ಎದೆಯ ಮೇಲೆ ಕೈಯಿಟ್ಟು, ಇನ್ನಷ್ಟು ವಿನಯದಿಂದ, "ಇಲ್ಲ ಇಲ್ಲ, ನೀವು ಮೊದಲು" ಎಂದು ನೀರಿನ ಬಾಟಲಿ ಹಿಡಿದು ನಿಂತೆ. ಅವರು ಉಂಡರು. ಕೈ ತೊಳೆದು ಬಂದು ಆಕೆ ಪರ್ಸು ತೆಗೆದಳು. ನನ್ನ ಎದೆ ಹಿಗ್ಗಿತು. ಯಾವ ಥಾನು ಬಿಚ್ಚಲಿ ಎಂದು ಕೇಳಿದೆ.

"ಊಟಕ್ಕೆ ಎಷ್ಟಾಯಿತು?"

ಬೇಡ ಬೇಡ, ಇದು ಅತಿಥಿ ಸತ್ಕಾರ ಎಂದೆ. ಆಕೆಗೆ ಸಿಟ್ಟಿರಲಿಲ್ಲ, ಅದೇ ನನ್ನನ್ನು ಇನ್ನೂ ಚುಚ್ಚಿತು. "ಜೊತೆಗೆ ಕೂತು ಉಂಡವನು ಮನೆಯವನು. ಬಡಿಸಿ ನಿಂತವನು ಹೋಟೆಲಿನವನು. ಹೋಟೆಲಿನವನ ದುಡ್ಡು ಇಟ್ಟುಕೊಂಡರೆ ನನ್ನ ಉಮ್ರಾ ಕೆಡುತ್ತದೆ," ಎಂದು ನೋಟುಗಳನ್ನು ಚಾಪೆಯ ಮೇಲಿಟ್ಟು ಎದ್ದಳು. ತಮ್ಮ ಬರುವ ತನಕ ಅವನ ಶಟರಿನ ಮುಂದೆ ಬಿಸಿಲಲ್ಲೇ ಕೂತಿದ್ದರು, ಎಲ್ಲರೂ. ನಾನು ಒಳಗೆ ಕೂತು ಅವರ ಬೆನ್ನು ನೋಡಿದೆ.

ರಂಜಾನ್ ಕಳೆಯಿತು. ನನ್ನ ಅಂಗಡಿಯ ಬೋರ್ಡು ಇಳಿಯಿತು. ಪೆಟ್ಟಿಗೆ ಕಟ್ಟುವುದೊಂದೇ ಬಾಕಿ ಎಂದುಕೊಂಡಿದ್ದಾಗ ಕಫೀಲ್, "ಯಲ್ಲಾ, ನಾಳೆಯಿಂದ ಪಕ್ಕದ ಅಂಗಡಿಗೆ ಬಾ" ಎಂದ. ಇಕಾಮಾ ನವೀಕರಣವಾಯಿತು. ನನ್ನ ಅನುಭವಕ್ಕೆ ಬೆಲೆ ಸಿಕ್ಕಿತೆಂದು ನಾನು ಊರಿಗೆ ಫೋನು ಮಾಡಿ ಹೇಳಿಯೂ ಆಗಿತ್ತು. ಸ್ವಲ್ಪ ದಿನ ಬಿಟ್ಟು ಕಫೀಲನೇ ಮಾತಿನ ಮಧ್ಯೆ ಹೇಳಿದ: ನಿನ್ನ ತಮ್ಮ ಹಟ ಹಿಡಿದ, 'ಅಣ್ಣನನ್ನು ಕಳಿಸುವುದಾದರೆ ನನ್ನನ್ನೂ ಬಿಡು, ನಾನು ಬೇರೆ ಅಂಗಡಿ ಸೇರುತ್ತೇನೆ, ಆ ಹೆಂಗಸರು ನನ್ನ ಹಿಂದೆ ಅಲ್ಲಿಗೇ ಬರುತ್ತಾರೆ' ಎಂದು.

ಈ ವರ್ಷ ಆಕೆ ಮತ್ತೆ ಬಂದಳು. ನಾನು ಮೂಲೆಯಲ್ಲಿ ಚಾಪೆ ಮಡಚುತ್ತಿದ್ದೆ. ಇವನು ಈಗ ನಿನ್ನ ಆಳೇ ಎಂದು ತಮ್ಮನನ್ನು ಕೇಳಿದಳು. ಅವನು ನನ್ನ ಹೆಗಲ ಮೇಲೆ ಕೈ ಹಾಕಿ, "ಇವನು ನನ್ನ ಅಣ್ಣ, ನನ್ನನ್ನು ಇಲ್ಲಿಗೆ ತಂದವನೇ ಇವನು, ಅಂಗಡಿ ಇವನದ್ದೇ" ಎಂದ.

ನನ್ನ ಇಕಾಮಾ ಉಳಿಸಿಕೊಟ್ಟ ವಿಷಯವಾಗಿ ಇಂದಿನ ತನಕ ಅವನು ಬಾಯಿ ಬಿಟ್ಟಿಲ್ಲ. ಪಾಪಿ, ಒಮ್ಮೆಯಾದರೂ ಅದನ್ನು ಆಡಿ ತೋರಿಸಿದ್ದರೆ ನಾನು ಅವನನ್ನು ನಿಶ್ಚಿಂತೆಯಿಂದ ದ್ವೇಷಿಸಬಹುದಿತ್ತು.