ಗೂಢಚಾರಿಗೆ ಕೊಟ್ಟ ನೀರು

ಗುಟ್ಟು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಹೆಂಡತಿಯ ಹುಟ್ಟುಹಬ್ಬಕ್ಕೆ ಕೊಂಡ ಸೀರೆಯ ಬಣ್ಣವನ್ನು ಅಂಗಡಿಯಿಂದಲೇ ಫೋನು ಮಾಡಿ ಅವಳಿಗೆ ಹೇಳಿಬಿಡುವ ಆಸಾಮಿ ನಾನು. ಅದಕ್ಕೇ ಇರಬೇಕು, ಗೂಢಚಾರಿ ಸಿನಿಮಾ ಎಂದರೆ ನನಗೆ ಪ್ರಾಣ.

ಅದರಲ್ಲೂ ಒಂದು ಹಳೆಯ ಕಪ್ಪು-ಬಿಳುಪು ಚಿತ್ರದ ಮೇಲೆ ನನಗೆ ಮನೆತನದ ಹಕ್ಕಿದೆ. ಅದರಲ್ಲಿ ಬೆನ್ನಟ್ಟುವ ದೃಶ್ಯವನ್ನು ತೆಗೆದದ್ದು ನಮ್ಮ ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ, ನನ್ನ ಸೋದರತ್ತೆಯ ಮನೆಯ ಮುಂದೆ. ಅತ್ತೆ ಆಗ ಹೊಸ ಮದುವಣಗಿತ್ತಿ. ನಿರ್ದೇಶಕರು ಹೇಳಿದ್ದು ಇಷ್ಟೇ: "ಜಗುಲೀಲಿ ಹೂ ಕಟ್ತಾ ಕೂತಿರಿ ತಾಯಿ. ನಾಯಕ ಓಡಿಬರ್ತಾನೆ, ನೀವು ತಲೆ ಎತ್ತಬೇಡಿ."

ಅತ್ತೆ ತಲೆ ಎತ್ತಿದರು. ಏದುಸಿರು ಬಿಡುತ್ತ ಜಗುಲಿ ಹತ್ತಿದವನ ಕೈಯಲ್ಲಿ ಪಿಸ್ತೂಲಿದ್ದರೇನು, ಮನೆಗೆ ಬಂದವನಲ್ಲವೇ? ಪಕ್ಕದ ಚೊಂಬಿನಿಂದ ನೀರು ಬಗ್ಗಿಸಿ ಲೋಟ ಚಾಚಿದರು. ಯಾರೋ "ಅಯ್ಯಯ್ಯೋ" ಎಂದು ಕೂಗಿದ್ದೇ ತಡ, ನಾಚಿ, ಲೋಟವನ್ನು ಅವನ ಕೈಗೇ ಬಿಟ್ಟು ಒಳಗೆ ಓಡಿದರು. ಕ್ಯಾಮೆರಾ ನಿಲ್ಲಲಿಲ್ಲ. ನಿರ್ದೇಶಕರು ಅದನ್ನು ಹಾಗೇ ಉಳಿಸಿಕೊಂಡರು.

ರಾಜನೀತಿಯ ಹಳೆಯ ಗ್ರಂಥಗಳಲ್ಲಿ ಗೂಢಚಾರರಿಗೆ ಸನ್ಯಾಸಿ, ವ್ಯಾಪಾರಿ ಎಂದು ನಾನಾ ವೇಷ ಹೇಳಿದ್ದಾರೆ. ಅವರಿಗೂ ಬಾಯಾರುತ್ತದೆ ಎಂದು ಯಾರೂ ಬರೆದಂತಿಲ್ಲ. ಪತ್ರಿಕೆಯವರೂ ಗೇಲಿ ಮಾಡಿದರಂತೆ, ಶತ್ರು ಬೆನ್ನ ಹಿಂದಿರುವಾಗ ಇದೆಂಥ ಉಪಚಾರ ಎಂದು. ಮೈಸೂರಿನವರು ಮಾತ್ರ ಆ ಜಾಗಕ್ಕೆ ಬಂದರೆ ಸಾಕು, ಶಿಳ್ಳೆ ಹೊಡೆದರು.

ಚಿತ್ರ ತೆರೆಗೆ ಬಂದಾಗ ಅತ್ತೆ ಬಾಣಂತಿ, ನೋಡಲಿಲ್ಲ. ಮುಂದೆ ಅದರ ಪ್ರಿಂಟೇ ಕಳೆದುಹೋಯಿತು. ಅವರಿಗೆ ಉಳಿದದ್ದು ಒಂದೇ ಕೊರಗು: ಅವನು ನೀರು ಕುಡಿದನೋ, ಚೆಲ್ಲಿದನೋ? ನೋಡಿ ಬಂದವರಲ್ಲಿ ಕುಡಿದ ಎನ್ನುವವರೂ ಇದ್ದರು, ಗಿಡಕ್ಕೆ ಸುರಿದ ಎನ್ನುವವರೂ ಇದ್ದರು. ಮಾವನನ್ನು ಕೇಳಿದರೆ, "ನಾನು ನಿನ್ನೇ ನೋಡ್ತಿದ್ದೆ ಕಣೇ, ಅವನನ್ನ ಯಾರು ನೋಡಿದ್ರು?" ಎನ್ನುತ್ತಿದ್ದರು. ಮಾವ ಈಗಿಲ್ಲ.

ಮೊನ್ನೆ ಪ್ರಿಂಟ್ ಎಲ್ಲೋ ಸಿಕ್ಕಿ, ತೊಳೆದು ಬೆಳಗಿ, ನಮ್ಮೂರಲ್ಲೇ ತೋರಿಸಿದರು. ದಟ್ಟಗಳ್ಳಿಯಿಂದ ಅತ್ತೆಯನ್ನು ಆಟೋದಲ್ಲಿ ಕರೆದೊಯ್ದೆ. ಪರದೆಯ ಮೇಲೆ ಬಂದ ತಮ್ಮ ಹರೆಯದ ಮುಖವನ್ನು ಅವರು ನೋಡಲೇ ಇಲ್ಲ. ಕಣ್ಣೆಲ್ಲ ಲೋಟದ ಮೇಲೆ. ನಾಯಕ ಬಾಗಿಲ ಕಡೆ ಒಮ್ಮೆ ನೋಡಿ, ಗಟಗಟ ಕುಡಿದು, ಖಾಲಿ ಲೋಟವನ್ನು ಜಗುಲಿಯ ಮೇಲಿಟ್ಟು ಓಡಿದ.

"ಸದ್ಯ, ಕುಡ್ದ," ಎಂದು ಅತ್ತೆ ನನ್ನ ಕೈ ಹಿಡಿದರು.

ಅಷ್ಟರಲ್ಲಿ ಖಳನಾಯಕ ಅದೇ ಜಗುಲಿಗೆ ಬಂದು, ಏದುಸಿರು ಬಿಡುತ್ತ ಅತ್ತಿತ್ತ ನೋಡಿದ. ಜಗುಲಿಯಲ್ಲಿ ಯಾರೂ ಇರಲಿಲ್ಲ.

"ಪಾಪ, ಇವನೂ ಅಷ್ಟು ದೂರದಿಂದ್ಲೇ ಓಡಿ ಬಂದಿದಾನೆ ಕಣೋ," ಎಂದರು ಅತ್ತೆ. "ನಾನು ಒಳಗೆ ಹೋಗ್ಬಾರ್ದಿತ್ತು."